ಅನುಭವವಿಲ್ಲದ ಹೊಸ ನರ್ಸ್‌ಗಳ ವಿದೇಶ ಉದ್ಯೋಗ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮೀಣ ಪ್ರದೇಶದ ಅನೇಕ ಕುಟುಂಬಗಳು ಇಂದು ಮಕ್ಕಳನ್ನು ನರ್ಸಿಂಗ್ ಶಿಕ್ಷಣಕ್ಕೆ ಕಳುಹಿಸುತ್ತಿವೆ. ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಅಥವಾ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿ ಮುಗಿಯುವ ಹೊತ್ತಿಗೆ ಮನೆಯಲ್ಲಿ ಶಿಕ್ಷಣದ ಸಾಲವಿರುತ್ತದೆ, ಸ್ಥಳೀಯ ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ವೇತನ ಕಡಿಮೆಯಿರುತ್ತದೆ. ‘ಅನುಭವ ಬೇಕಿಲ್ಲ, ಪರೀಕ್ಷೆ ಬೇಕಿಲ್ಲ, ಮೂರು ತಿಂಗಳಲ್ಲಿ ವೀಸಾ’ ಎಂಬ ಮಾತು ಆ ಮನೆಯ ಬಾಗಿಲಿಗೆ ಬರುವುದು ಇಂತಹ ಸಮಯದಲ್ಲಿಯೇ. ಒಡವೆ ಒತ್ತೆಯಿಡುವ ಅಥವಾ ಜಮೀನಿನ ಮೇಲೆ ಸಾಲ ಪಡೆಯುವ ಮುನ್ನ ಹೆತ್ತವರು ಹಲವು ಬಾರಿ ಸಲಹೆ ಕೇಳುವುದು ತಮ್ಮ ವಾರ್ಡಿನ ಪಂಚಾಯತಿ ಸದಸ್ಯರನ್ನು. ಆ ಸಂದರ್ಭದಲ್ಲಿ ಸದಸ್ಯರು ಖಚಿತವಾದ ಉತ್ತರ ನೀಡಲು ಅನುಕೂಲವಾಗಲೆಂದು ಈ ಲೇಖನದಲ್ಲಿ ವಿಷಯವನ್ನು ಹಂತಹಂತವಾಗಿ ವಿವರಿಸಲಾಗಿದೆ.

ಮುಖ್ಯ ಅಂಶವನ್ನು ಮೊದಲೇ ಹೇಳುವುದು ಸೂಕ್ತ. ಹೊಸದಾಗಿ ಉತ್ತೀರ್ಣರಾದ ನರ್ಸ್‌ಗಳಿಗೆ ವಿದೇಶದ ದಾರಿ ಮುಚ್ಚಿಲ್ಲ. ಆದರೆ ಆ ದಾರಿಯಲ್ಲಿ ಸಾಗಲು ಬೇಕಾದದ್ದು ನೋಂದಣಿ, ಭಾಷೆ, ಪರವಾನಗಿ ಪರೀಕ್ಷೆ ಮತ್ತು ದಾಖಲೆಯಿರುವ ಸೇವಾನುಭವ. ಈ ನಾಲ್ಕರಲ್ಲಿ ಯಾವುದನ್ನೂ ಮಧ್ಯವರ್ತಿಗೆ ಹಣ ಕೊಟ್ಟು ಪಡೆಯಲಾಗದು.

1. ‘ಅನುಭವ’ ಎಂದು ಪರಿಗಣಿಸಲ್ಪಡುವುದು ಯಾವುದು

ವ್ಯಾಸಂಗದ ಅವಧಿಯಲ್ಲಿ ವಿದ್ಯಾರ್ಥಿಗಳು ಆಸ್ಪತ್ರೆಯ ವಾರ್ಡುಗಳಲ್ಲಿ ಮಾಡಿದ ತರಬೇತಿ ಶಿಕ್ಷಣದ ಭಾಗವೇ ಹೊರತು ಸೇವಾನುಭವವಲ್ಲ. ಅನುಭವದ ಲೆಕ್ಕ ಸಾಮಾನ್ಯವಾಗಿ ಆರಂಭವಾಗುವುದು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾದ ದಿನದಿಂದ. ಫಲಿತಾಂಶ ಬಂದ ಬಳಿಕ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿಯನ್ನು ತಡಮಾಡುವ ಅಭ್ಯರ್ಥಿ ಅಷ್ಟು ತಿಂಗಳ ಸೇವೆಯನ್ನು ಲೆಕ್ಕದಿಂದ ಕಳೆದುಕೊಳ್ಳುವ ಸಾಧ್ಯತೆ ಇದೆ.

ಹಾಸಿಗೆಗಳಿರುವ ಆಸ್ಪತ್ರೆಯಲ್ಲಿ, ಪೂರ್ಣಾವಧಿಯಲ್ಲಿ, ರೋಗಿಗಳ ನೇರ ಆರೈಕೆಯಲ್ಲಿ ಮಾಡಿದ ಕೆಲಸಕ್ಕೆ ಬೆಲೆ ಹೆಚ್ಚು. ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್, ಹೆರಿಗೆ ವಿಭಾಗ, ನವಜಾತ ಶಿಶು ಘಟಕಗಳ ಅನುಭವಕ್ಕೆ ವಿದೇಶಿ ಆಸ್ಪತ್ರೆಗಳಲ್ಲಿ ಬೇಡಿಕೆಯಿದೆ. ಹಾಸಿಗೆಗಳಿಲ್ಲದ ಸಣ್ಣ ಕ್ಲಿನಿಕ್ಕಿನಲ್ಲಿ ಮಾಡಿದ ಕೆಲಸವನ್ನು ಅನೇಕ ಉದ್ಯೋಗದಾತರು ಒಪ್ಪುವುದಿಲ್ಲ. ಕಲಿಕೆ ಮುಗಿದ ಮೇಲೆ ದೀರ್ಘಕಾಲ ಕೆಲಸವಿಲ್ಲದೆ ಉಳಿಯುವುದೂ ಅಭ್ಯರ್ಥಿಗೆ ಪ್ರತಿಕೂಲವಾಗುತ್ತದೆ. ‘ವೀಸಾ ಇಂದೋ ನಾಳೆಯೋ ಬರುತ್ತದೆ’ ಎಂದು ಮನೆಯಲ್ಲಿ ಕಾಯುತ್ತ ಕುಳಿತ ಒಂದು ವರ್ಷ ಮುಂದಿನ ಪ್ರತಿ ಸಂದರ್ಶನದಲ್ಲಿಯೂ ಪ್ರಶ್ನೆಯಾಗಿ ಎದುರಾಗುತ್ತದೆ.

ಎ.ಎನ್.ಎಂ. ಕೋರ್ಸ್ ಮಾಡಿದವರು ಒಂದು ವಿಷಯವನ್ನು ಗಮನಿಸಬೇಕು. ಬಹುತೇಕ ದೇಶಗಳಲ್ಲಿ ‘ನೋಂದಾಯಿತ ನರ್ಸ್’ ಹುದ್ದೆಗೆ ಆ ವಿದ್ಯಾರ್ಹತೆ ಸಾಕಾಗುವುದಿಲ್ಲ.

2. ಯಾವ ದೇಶ ಏನನ್ನು ಕೇಳುತ್ತದೆ

ಕೊಲ್ಲಿ ರಾಷ್ಟ್ರಗಳು: ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಕತಾರ್ ಮುಂತಾದ ದೇಶಗಳಲ್ಲಿ ನರ್ಸ್ ಆಗಿ ಕೆಲಸ ಮಾಡಲು ಆಯಾ ದೇಶದ ಆರೋಗ್ಯ ಪ್ರಾಧಿಕಾರದ ಪರವಾನಗಿ ಅಗತ್ಯ. ಇದಕ್ಕಾಗಿ ಜನರ ಬಾಯಲ್ಲಿ ‘ಪ್ರೊಮೆಟ್ರಿಕ್’ ಎಂದೇ ಹೆಸರಾದ ಕಂಪ್ಯೂಟರ್ ಆಧಾರಿತ ಪರೀಕ್ಷೆಯಿರುತ್ತದೆ. ಅದರೊಂದಿಗೆ ‘ಡೇಟಾಫ್ಲೋ’ ಎಂಬ ದಾಖಲೆ ಪರಿಶೀಲನೆಯೂ ನಡೆಯುತ್ತದೆ. ಅನುಭವದ ಅವಧಿ ದೇಶದಿಂದ ದೇಶಕ್ಕೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆಯಾದರೂ ನೇಮಕಾತಿ ಪ್ರಕಟಣೆಗಳಲ್ಲಿ ಎರಡು ವರ್ಷಗಳ ಷರತ್ತು ಸಾಮಾನ್ಯ.

ಬ್ರಿಟನ್: ಇಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ 2019ರಲ್ಲಿ ನಿಯಮ ಬದಲಿಸಿ, ನೋಂದಣಿಗೆ ಮೊದಲು ಒಂದು ವರ್ಷ ವೃತ್ತಿ ಮಾಡಿರಬೇಕೆಂಬ ಷರತ್ತನ್ನು ಕೈಬಿಟ್ಟಿತು. ಕಾಗದದ ಮೇಲೆ ಹೊಸ ಪದವೀಧರರೂ ಅರ್ಜಿ ಸಲ್ಲಿಸಬಹುದು. ಆದರೆ ಇಂಗ್ಲಿಷ್ ಪರೀಕ್ಷೆಯ ಮಟ್ಟ ಕಠಿಣವಾಗಿದೆ. ಐ.ಇ.ಎಲ್.ಟಿ.ಎಸ್. ಅಕಾಡೆಮಿಕ್ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಮಾತುಗಾರಿಕೆಗೆ ತಲಾ 7 ಹಾಗೂ ಬರವಣಿಗೆಗೆ 6.5 ಅಂಕ ಬೇಕು. ಆರೋಗ್ಯ ಕ್ಷೇತ್ರದವರಿಗಾಗಿಯೇ ಇರುವ ಓ.ಇ.ಟಿ. ಪರೀಕ್ಷೆಯನ್ನೂ ಬರೆಯಬಹುದು. ಅದಾದ ಮೇಲೆ ಕಂಪ್ಯೂಟರ್ ಪರೀಕ್ಷೆ ಮತ್ತು ಬ್ರಿಟನ್ನಿನಲ್ಲಿಯೇ ನಡೆಯುವ ಪ್ರಾಯೋಗಿಕ ಪರೀಕ್ಷೆ, ಹೀಗೆ ಎರಡು ಹಂತಗಳಿವೆ. ನೋಂದಣಿ ಸಂಸ್ಥೆ ಅನುಭವ ಕೇಳದಿದ್ದರೂ ಆಸ್ಪತ್ರೆ ಕೇಳಬಹುದು ಎಂಬುದನ್ನು ಮರೆಯಬಾರದು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಆಸ್ಪತ್ರೆಗಳು ವಿದೇಶಿ ನೇಮಕಾತಿಯನ್ನು ಕಡಿಮೆ ಮಾಡಿವೆ.

ಜರ್ಮನಿ: ಅನುಭವಕ್ಕಿಂತ ಭಾಷೆಗೆ ಇಲ್ಲಿ ಹೆಚ್ಚು ಮಹತ್ವ. ಪೂರ್ಣ ಪರವಾನಗಿಗೆ ಜರ್ಮನ್ ಭಾಷೆಯಲ್ಲಿ ಸಾಮಾನ್ಯವಾಗಿ ಬಿ-2 ಹಂತ ತಲುಪಬೇಕು. ಜೊತೆಗೆ ಭಾರತದ ವಿದ್ಯಾರ್ಹತೆಯನ್ನು ಅಲ್ಲಿನ ತರಬೇತಿಯೊಂದಿಗೆ ಹೋಲಿಸಿ ಮಾನ್ಯ ಮಾಡುವ ಪ್ರಕ್ರಿಯೆಯೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೂ ಇದು ಅಸಾಧ್ಯವೇನಲ್ಲ, ಏಕೆಂದರೆ ಜರ್ಮನ್ ಭಾಷೆಯನ್ನು ಎಲ್ಲರೂ ಅಕ್ಷರದಿಂದಲೇ ಆರಂಭಿಸಬೇಕು. ಆದರೆ ಅದಕ್ಕೆ ತಿಂಗಳುಗಟ್ಟಲೆ ನಿರಂತರ ಅಭ್ಯಾಸ ಬೇಕು. ಕೇರಳ ಸರ್ಕಾರದ ನೋರ್ಕಾ ಸಂಸ್ಥೆಯು ಜರ್ಮನಿಯ ಸರ್ಕಾರಿ ಸಂಸ್ಥೆಗಳೊಂದಿಗೆ 2021ರಲ್ಲಿ ಮಾಡಿಕೊಂಡ ‘ಟ್ರಿಪಲ್ ವಿನ್’ ಒಪ್ಪಂದದಡಿ ಅಭ್ಯರ್ಥಿಗಳಿಂದ ನೇಮಕಾತಿ ಶುಲ್ಕ ಪಡೆಯದೆಯೇ ನರ್ಸ್‌ಗಳನ್ನು ಕಳುಹಿಸಲಾಗುತ್ತಿದೆ. ಹಣವಿಲ್ಲದೆ ವಿದೇಶ ಉದ್ಯೋಗ ಸಿಗದೆಂಬ ಮಾತಿಗೆ ಇದೇ ಉತ್ತರ.

3. ಹುದ್ದೆಯ ಹೆಸರನ್ನು ಓದಿ ನೋಡುವುದು

‘ಅನುಭವ ಬೇಕಿಲ್ಲ’ ಎಂಬ ಜಾಹೀರಾತುಗಳಲ್ಲಿ ಅನೇಕವು ನರ್ಸ್ ಹುದ್ದೆಯವೇ ಆಗಿರುವುದಿಲ್ಲ. ಅವು ‘ಕೇರ್‌ಗಿವರ್’, ‘ಕೇರ್ ವರ್ಕರ್’, ‘ನರ್ಸಿಂಗ್ ಅಸಿಸ್ಟೆಂಟ್’ ಮುಂತಾದ ಆರೈಕೆ ಸಹಾಯಕರ ಹುದ್ದೆಗಳು. ವೃದ್ಧರಿಗೆ ಸ್ನಾನ ಮಾಡಿಸುವುದು, ಊಟ ಕೊಡುವುದು, ನಡೆದಾಡಲು ನೆರವಾಗುವುದು ಅವರ ಕೆಲಸ. ಇದು ಗೌರವದ ದುಡಿಮೆಯೇ. ಕರಾವಳಿ ಕರ್ನಾಟಕದ ಅನೇಕರು ಇಸ್ರೇಲಿನಲ್ಲಿ ಇಂತಹ ಉದ್ಯೋಗದಲ್ಲಿದ್ದಾರೆ. ಭಾರತ ಮತ್ತು ಜಪಾನ್ ನಡುವೆ 2021ರ ಜನವರಿಯಲ್ಲಿ ಆದ ಒಪ್ಪಂದದಂತೆ ಆರೈಕೆ ಕ್ಷೇತ್ರಕ್ಕೆ ಭಾರತೀಯರು ಹೋಗಬಹುದಾಗಿದ್ದು, ಅದಕ್ಕೂ ಜಪಾನಿ ಭಾಷಾ ಪರೀಕ್ಷೆ ಮತ್ತು ಕೌಶಲ ಪರೀಕ್ಷೆಗಳಿವೆ.

ಆದರೆ ಕುಟುಂಬಕ್ಕೆ ಎರಡು ಸಂಗತಿಗಳು ಮೊದಲೇ ತಿಳಿದಿರಬೇಕು. ಒಂದು, ಆರೈಕೆ ಸಹಾಯಕರಾಗಿ ಮಾಡಿದ ಸೇವೆಯನ್ನು ಸಾಮಾನ್ಯವಾಗಿ ನೋಂದಾಯಿತ ನರ್ಸ್ ಅನುಭವವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರು ವರ್ಷ ದುಡಿದು ಬಂದರೂ ನರ್ಸ್ ಹುದ್ದೆಗೆ ಆ ಅಭ್ಯರ್ಥಿ ಹೊಸಬರಾಗಿಯೇ ಉಳಿಯಬಹುದು. ಎರಡು, ಈ ವೀಸಾಗಳ ನಿಯಮ ಥಟ್ಟನೆ ಬದಲಾಗುತ್ತದೆ. ಬ್ರಿಟನ್ 2025ರ ಜುಲೈ 22ರಿಂದ ಕೇರ್ ವರ್ಕರ್ ಹುದ್ದೆಗೆ ವಿದೇಶದಿಂದ ಹೊಸ ನೇಮಕಾತಿಯನ್ನು ನಿಲ್ಲಿಸಿದೆ. ಆ ದಿನಾಂಕದ ನಂತರವೂ ಬ್ರಿಟನ್ನಿನ ಕೇರರ್ ವೀಸಾ ಕೊಡಿಸುವುದಾಗಿ ಯಾರಾದರೂ ಹೊಸಬರಿಂದ ಹಣ ಕೇಳಿದರೆ ಸದಸ್ಯರು ಎಚ್ಚರಿಕೆ ನೀಡಬೇಕು.

ವಿದ್ಯಾರ್ಥಿ ವೀಸಾದಲ್ಲಿ ಆರೋಗ್ಯ ನಿರ್ವಹಣೆಯಂತಹ ಕೋರ್ಸ್‌ಗೆ ಸೇರಿಸುವುದು ಮತ್ತೊಂದು ದಾರಿ. ಅಂತಹ ಕೋರ್ಸ್ ತಾನಾಗಿಯೇ ನರ್ಸಿಂಗ್ ಪರವಾನಗಿ ನೀಡುವುದಿಲ್ಲ. ಸಂದರ್ಶಕ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕಬಹುದೆಂಬ ಸಲಹೆಯಂತೂ ಅಪಾಯಕಾರಿ. ಆ ವೀಸಾದಲ್ಲಿ ದುಡಿಯುವವರಿಗೆ ಅಲ್ಲಿನ ಕಾರ್ಮಿಕ ಕಾನೂನಿನ ರಕ್ಷಣೆ ಸಿಗುವುದು ಕಷ್ಟ.

4. ಕಾನೂನು ಹೇಳುವುದೇನು

ವಲಸೆ ಕಾಯ್ದೆ 1983ರ ಪ್ರಕಾರ ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಿಸುವ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ವಿದೇಶಾಂಗ ಸಚಿವಾಲಯದಡಿ ನೋಂದಣಿ ಪ್ರಮಾಣಪತ್ರ ಹೊಂದಿರಬೇಕು. ನೋಂದಾಯಿತ ಏಜೆಂಟರ ಹೆಸರು, ವಿಳಾಸ, ನೋಂದಣಿಯ ಸ್ಥಿತಿ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಎಲ್ಲರಿಗೂ ಲಭ್ಯ. ನೋಂದಣಿ ಇಲ್ಲದೆ ನೇಮಕಾತಿ ನಡೆಸುವುದು ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಹಳ್ಳಿಗೆ ಬರುವವರು ಬಹುಪಾಲು ‘ದೊಡ್ಡ ಏಜೆನ್ಸಿಯ ಪರವಾಗಿ’ ಬಂದ ಉಪ ಏಜೆಂಟರು. ಏಜೆನ್ಸಿಗೆ ನೋಂದಣಿ ಇದೆ ಎಂಬ ಮಾತ್ರಕ್ಕೆ ಅದರ ಹೆಸರು ಹೇಳಿಕೊಂಡು ಬಂದವರಿಗೆ ಹಣ ಪಡೆಯುವ ಅಧಿಕಾರ ಬರುವುದಿಲ್ಲ.

ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ. ಶೇ. 18ರ ಜಿ.ಎಸ್.ಟಿ. ಸೇರಿದರೆ 35,400 ರೂಪಾಯಿ. ಇದಕ್ಕೆ ರಸೀದಿ ಕಡ್ಡಾಯ. ಬ್ರಿಟನ್ನಿನ ಆರೋಗ್ಯ ಕ್ಷೇತ್ರದ ನೇಮಕಾತಿ ಸಂಹಿತೆಯ ಪ್ರಕಾರ ಅಭ್ಯರ್ಥಿಯಿಂದ ನೇಮಕಾತಿ ಶುಲ್ಕವನ್ನೇ ಪಡೆಯುವಂತಿಲ್ಲ. ಪರೀಕ್ಷಾ ಶುಲ್ಕ, ಪಾಸ್‌ಪೋರ್ಟ್, ದಾಖಲೆ ದೃಢೀಕರಣ, ಭಾಷಾ ತರಬೇತಿಗಳ ವೆಚ್ಚ ಬೇರೆ. ಅವುಗಳನ್ನು ಅಭ್ಯರ್ಥಿಯೇ ಆಯಾ ಸಂಸ್ಥೆಗೆ ನೇರವಾಗಿ ಪಾವತಿಸುವುದು ಸುರಕ್ಷಿತ.

ಈ ಮಿತಿ ಏಕೆ ಮುಖ್ಯವೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಕುಟುಂಬವೊಂದು 5 ಲಕ್ಷ ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಕೈಸಾಲ ಪಡೆದರೆ ತಿಂಗಳಿಗೆ 10,000 ರೂಪಾಯಿ, ವರ್ಷಕ್ಕೆ 1,20,000 ರೂಪಾಯಿ ಬಡ್ಡಿಯೇ ಆಗುತ್ತದೆ. ವೀಸಾ ಒಂದು ವರ್ಷ ತಡವಾದರೆ ಅಸಲು ಹಾಗೆಯೇ ಉಳಿದು ಬಡ್ಡಿಯ ಮೊತ್ತವೇ ಕಾನೂನಿನ ಗರಿಷ್ಠ ಶುಲ್ಕದ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ.

2015ರಲ್ಲಿ ಕುವೈತ್ ನೇಮಕಾತಿಗೆ ಸಂಬಂಧಿಸಿ ಕೊಚ್ಚಿಯ ಏಜೆನ್ಸಿಯೊಂದರ ಮೇಲೆ ಸಿ.ಬಿ.ಐ. ಪ್ರಕರಣ ದಾಖಲಿಸಿತು. 19,500 ರೂಪಾಯಿ ಪಡೆಯಬೇಕಾದಲ್ಲಿ ಪ್ರತಿ ನರ್ಸ್‌ನಿಂದ ಸುಮಾರು 19.5 ಲಕ್ಷ ರೂಪಾಯಿ ವಸೂಲು ಮಾಡಲಾಗಿತ್ತೆಂಬುದು ಅಲ್ಲಿನ ಆರೋಪ. ಅದಕ್ಕೆ ಹಿಂದಿನ ವರ್ಷ, ಇರಾಕಿನ ಟಿಕ್ರಿತ್‌ನಲ್ಲಿ ಯುದ್ಧದ ನಡುವೆ ಸಿಲುಕಿದ್ದ 46 ಭಾರತೀಯ ನರ್ಸ್‌ಗಳು 2014ರ ಜುಲೈನಲ್ಲಿ ಸ್ವದೇಶಕ್ಕೆ ಮರಳಿದ್ದರು. ಪ್ರಾಣಾಪಾಯದ ನಡುವೆಯೂ ಊರಿನ ಸಾಲದ ಚಿಂತೆ ಅವರಲ್ಲಿ ಹಲವರನ್ನು ಕಾಡಿದ್ದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು.

2015ರ ಏಪ್ರಿಲ್ 30ರಿಂದ ಕೇಂದ್ರ ಸರ್ಕಾರವು ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಬಹ್ರೇನ್, ಸಂಯುಕ್ತ ಅರಬ್ ಸಂಸ್ಥಾನ, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವ ನರ್ಸ್‌ಗಳು ವಲಸೆ ಅನುಮತಿ ಪಡೆಯುವುದನ್ನು ಕಡ್ಡಾಯಗೊಳಿಸಿದೆ. ಈ ದೇಶಗಳಿಗೆ ನರ್ಸ್‌ಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳು ಮತ್ತು ಕೇಂದ್ರವು ಇದಕ್ಕಾಗಿ ಅನುಮತಿಸಿದ ಸಂಸ್ಥೆಗಳ ಮೂಲಕವೇ ನಡೆಯಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹತ್ತನೆಯ ತರಗತಿ ಉತ್ತೀರ್ಣರಾದವರ ಪಾಸ್‌ಪೋರ್ಟಿನಲ್ಲಿ ‘ವಲಸೆ ತಪಾಸಣೆ ಅಗತ್ಯ’ ಎಂಬ ಮುದ್ರೆ ಇರುವುದಿಲ್ಲವಾದ್ದರಿಂದ ಅನುಮತಿಯೇ ಬೇಕಿಲ್ಲ ಎಂದು ಕೆಲವರು ಹೇಳುತ್ತಾರೆ. ನರ್ಸ್‌ಗಳ ಮಟ್ಟಿಗೆ ಇದು ಸರಿಯಲ್ಲ. ಮುದ್ರೆ ಇಲ್ಲದಿದ್ದರೂ ಈ 18 ದೇಶಗಳಿಗೆ ಅನುಮತಿ ಬೇಕೇ ಬೇಕು. ಅನುಮತಿಯೊಂದಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿಯ ವಿಮಾ ರಕ್ಷಣೆಯೂ ದೊರೆಯುತ್ತದೆ.

5. ಸುಳ್ಳು ಅನುಭವ ಪತ್ರದ ಪರಿಣಾಮ

ಅನುಭವವಿಲ್ಲದವರಿಗೆ ‘ಎರಡು ವರ್ಷದ ಪತ್ರ ನಾವೇ ಮಾಡಿಸಿಕೊಡುತ್ತೇವೆ’ ಎನ್ನುವವರಿದ್ದಾರೆ. ಇದು ಇಡೀ ವ್ಯವಹಾರದಲ್ಲಿ ಅತ್ಯಂತ ಹಾನಿಕರವಾದ ಭಾಗ. ದಾಖಲೆ ಪರಿಶೀಲನೆ ಮಾಡುವ ಸಂಸ್ಥೆಗಳು ಪತ್ರ ನೀಡಿದ ಆಸ್ಪತ್ರೆಯನ್ನು ನೇರವಾಗಿ ಸಂಪರ್ಕಿಸುತ್ತವೆ. ವೇತನ ಚೀಟಿ, ಹಾಜರಾತಿ ಕೇಳಬಹುದು. ಪತ್ರ ಸುಳ್ಳೆಂದು ದಾಖಲಾದರೆ ಆ ವರದಿ ಅಭ್ಯರ್ಥಿಯ ಹೆಸರಿನಲ್ಲಿ ಉಳಿದು ಮುಂದಿನ ಪ್ರಾಮಾಣಿಕ ಅರ್ಜಿಗೂ ಅಡ್ಡಿಯಾಗುತ್ತದೆ. ನಕಲಿ ದಾಖಲೆ ಬಳಸಿದ ಕ್ರಿಮಿನಲ್ ಹೊಣೆ ಅಭ್ಯರ್ಥಿಯ ಮೇಲೂ ಬರುತ್ತದೆ, ಏಜೆಂಟ್ ಮಾತ್ರ ಬೇರೆ ಊರಿಗೆ ಹೋಗಿರುತ್ತಾನೆ. ಇದಕ್ಕೂ ಮಿಗಿಲಾಗಿ, ಅನುಭವವಿಲ್ಲದವರು ಅನುಭವಿಗಳೆಂದು ತೀವ್ರ ನಿಗಾ ಘಟಕದಲ್ಲಿ ನಿಂತರೆ ಅಪಾಯ ರೋಗಿಯ ಜೀವಕ್ಕೆ.

6. ಹೆಸರು ಮತ್ತು ದಾಖಲೆಗಳ ಹೊಂದಾಣಿಕೆ

ನಮ್ಮ ಭಾಗದಲ್ಲಿ ಹೆಸರಿನೊಂದಿಗೆ ಇನಿಷಿಯಲ್ ಬರೆಯುವ ರೂಢಿಯಿದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಯಲ್ಲಿ, ಆಧಾರ್‌ನಲ್ಲಿ ಮೊದಲಲ್ಲಿ, ನರ್ಸಿಂಗ್ ಪರಿಷತ್ತಿನ ನೋಂದಣಿಯಲ್ಲಿ ಇಲ್ಲವೇ ಇಲ್ಲ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ತಂದೆಯ ಅಥವಾ ಊರಿನ ಹೆಸರು. ಒಬ್ಬರೇ ವ್ಯಕ್ತಿಯ ನಾಲ್ಕು ದಾಖಲೆಗಳು ನಾಲ್ಕು ರೀತಿ ಇರುವುದು ಸಾಮಾನ್ಯ. ವಿದೇಶಿ ಪ್ರಾಧಿಕಾರಕ್ಕೆ ಇವು ನಾಲ್ವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತವೆ, ಪರಿಶೀಲನೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಆದುದರಿಂದ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆಗಳ ಹೆಸರು, ಜನ್ಮ ದಿನಾಂಕ, ಕಾಗುಣಿತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸವಿದ್ದಲ್ಲಿ ಸರಿಪಡಿಸಿಕೊಳ್ಳಬೇಕು.

ಸೇವಾನುಭವದ ಪತ್ರದಲ್ಲಿ ಹುದ್ದೆ, ವಿಭಾಗ, ಸೇರಿದ ಮತ್ತು ಬಿಟ್ಟ ದಿನಾಂಕ, ಪೂರ್ಣಾವಧಿ ಸೇವೆ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ ಹಾಗೂ ಅಧಿಕೃತ ಸಹಿ ಇರಬೇಕು. ವೇತನವನ್ನು ಬ್ಯಾಂಕ್ ಖಾತೆಗೆ ಪಡೆಯುವುದು ಮತ್ತು ಭವಿಷ್ಯನಿಧಿಯ ದಾಖಲೆ ಇರುವುದು ಅನುಭವಕ್ಕೆ ಬಲವಾದ ಸಾಕ್ಷಿ. ಮೂಲ ಪ್ರಮಾಣಪತ್ರಗಳನ್ನು ಆಸ್ಪತ್ರೆಗಾಗಲಿ ಏಜೆಂಟರಿಗಾಗಲಿ ಒಪ್ಪಿಸಬಾರದು. ತೋರಿಸಿ, ಪ್ರತಿ ನೀಡಿ, ಹಿಂದಕ್ಕೆ ಪಡೆಯಬೇಕು.

7. ಮೊದಲ ಎರಡು ವರ್ಷಗಳ ಬಳಕೆ

• ಮೊದಲ ಮೂರು ತಿಂಗಳು: ರಾಜ್ಯ ಪರಿಷತ್ತಿನ ನೋಂದಣಿ, ದಾಖಲೆಗಳ ತಿದ್ದುಪಡಿ, ಪಾಸ್‌ಪೋರ್ಟ್ ಅರ್ಜಿ; ಜಿಲ್ಲಾ ಕೇಂದ್ರ ಅಥವಾ ನಗರದ ಹಾಸಿಗೆಗಳುಳ್ಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರ್ಪಡೆ.
• ಮೊದಲ ವರ್ಷ: ಸಾಮಾನ್ಯ ವಾರ್ಡಿನಿಂದ ವಿಶೇಷ ಘಟಕಕ್ಕೆ ಹೋಗುವ ಪ್ರಯತ್ನ, ಗುರಿಯಾಗಿರುವ ದೇಶದ ಆಯ್ಕೆ, ಇಂಗ್ಲಿಷ್ ಅಥವಾ ಜರ್ಮನ್ ಭಾಷೆಯ ನಿತ್ಯ ಅಭ್ಯಾಸ.
• ಎರಡನೆಯ ವರ್ಷ: ಭಾಷಾ ಪರೀಕ್ಷೆ, ಪರವಾನಗಿ ಪರೀಕ್ಷೆ, ದಾಖಲೆ ಪರಿಶೀಲನೆಗೆ ಅರ್ಜಿ.
• ಎರಡನೆಯ ವರ್ಷದ ಕೊನೆಗೆ: ಅನುಭವ ಪತ್ರ, ಪೊಲೀಸ್ ಪರಿಶೀಲನಾ ಪ್ರಮಾಣಪತ್ರ, ವಿದೇಶಾಂಗ ಸಚಿವಾಲಯದ ದೃಢೀಕರಣ, ನಂತರ ಉದ್ಯೋಗ ಪ್ರಸ್ತಾವದ ಸ್ವೀಕಾರ.

ಆರಂಭದ ವೇತನ ಕಡಿಮೆಯೆಂಬ ಅಸಮಾಧಾನ ಸಹಜವಾದುದು. ಆದರೂ ಈ ಅವಧಿಯಲ್ಲಿ ಅಭ್ಯರ್ಥಿ ಸಾಲ ಮಾಡುವುದಿಲ್ಲ, ದುಡಿಯುತ್ತಾರೆ. ಎರಡು ವರ್ಷಗಳ ಕೊನೆಯಲ್ಲಿ ಅವರ ಕೈಯಲ್ಲಿ ಬೇರೊಬ್ಬರು ಕಸಿಯಲಾಗದ ಅರ್ಹತೆ ಇರುತ್ತದೆ. ವಿದೇಶ ಬೇಡವೆನಿಸಿದರೂ ಇಲ್ಲಿನ ಸರ್ಕಾರಿ ನೇಮಕಾತಿ ಹಾಗೂ ದೊಡ್ಡ ಆಸ್ಪತ್ರೆಗಳಿಗೆ ಅದೇ ಅನುಭವ ಉಪಯೋಗಕ್ಕೆ ಬರುತ್ತದೆ.

8. ಗ್ರಾಮ ಪಂಚಾಯತಿ ಮಾಡಬಹುದಾದದ್ದು

• ಸಮುದಾಯ ಭವನ ಅಥವಾ ಪಂಚಾಯತಿ ಸಭಾಂಗಣವನ್ನು ವಿದೇಶ ಉದ್ಯೋಗದ ‘ಶಿಬಿರ’ಕ್ಕೆ ಕೇಳಿದವರಿಂದ ನೋಂದಣಿ ಪ್ರಮಾಣಪತ್ರ ಪಡೆದು, ಇ-ಮೈಗ್ರೇಟ್‌ನಲ್ಲಿ ತಾಳೆ ನೋಡದೆ ಸ್ಥಳ ನೀಡಬಾರದು.
• ಇಂತಹ ಕರಪತ್ರ, ಫಲಕಗಳಲ್ಲಿ ಸದಸ್ಯರು ತಮ್ಮ ಹೆಸರು, ಭಾವಚಿತ್ರ ಬಳಸಲು ಒಪ್ಪಬಾರದು. ಜನ ಏಜೆಂಟರನ್ನು ನಂಬುವುದು ಬಹಳ ಸಲ ಪರಿಚಿತರ ಮುಖ ನೋಡಿಯೇ.
• ಅರಿವು ಕೇಂದ್ರದ ಗಣಕಯಂತ್ರದಲ್ಲಿ ಏಜೆಂಟರ ನೋಂದಣಿ ಪರಿಶೀಲಿಸಲು ಕುಟುಂಬಗಳಿಗೆ ನೆರವು ನೀಡಬಹುದು.
• ಸಂಜೀವಿನಿ ಒಕ್ಕೂಟದ ಸಭೆಗಳಲ್ಲಿ, ಸ್ವಸಹಾಯ ಸಂಘದ ಸಾಲವನ್ನು ರಸೀದಿಯಿಲ್ಲದ ಏಜೆಂಟ್ ಶುಲ್ಕಕ್ಕೆ ಬಳಸದಂತೆ ತಿಳಿಹೇಳಬಹುದು.
• ಗ್ರಾಮ ಸಭೆಯಲ್ಲಿ 35,400 ರೂಪಾಯಿಯ ಮಿತಿಯನ್ನು ಓದಿ ಹೇಳಿ, ಸೂಚನಾ ಫಲಕದಲ್ಲಿ ಪ್ರಕಟಿಸಬಹುದು.
• ಮಾರ್ಗದರ್ಶನಕ್ಕಾಗಿ ಅಭ್ಯರ್ಥಿಗಳನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ ಅಥವಾ ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರಕ್ಕೆ ಕಳುಹಿಸಬಹುದು.

ಕುಟುಂಬ ಸಲಹೆ ಕೇಳಿ ಬಂದಾಗ ಸದಸ್ಯರು ಈ ಆರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಪರಿಷತ್ತಿನ ನೋಂದಣಿ ಆಗಿದೆಯೇ? ಒಪ್ಪಂದದಲ್ಲಿ ಹುದ್ದೆಯ ಹೆಸರೇನು? ಯಾವ ಆಸ್ಪತ್ರೆ, ಯಾವ ಊರು? ಆ ದೇಶದ ಪರವಾನಗಿ ಪರೀಕ್ಷೆ ಉತ್ತೀರ್ಣರಾಗಿದ್ದಾರೆಯೇ? ವೀಸಾ ಯಾವ ಬಗೆಯದು? ಕೇಳಿದ ಹಣವೆಷ್ಟು, ರಸೀದಿ ಕೊಡುತ್ತಾರೆಯೇ? ಇವುಗಳಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಹಣ ಪಾವತಿಯನ್ನು ಮುಂದೂಡುವುದು ವಿವೇಕ.

9. ಈಗಾಗಲೇ ಹಣ ಕೊಟ್ಟಿದ್ದಲ್ಲಿ

ಮರ್ಯಾದೆಗೆ ಅಂಜಿ ಕುಟುಂಬಗಳು ಸುಮ್ಮನಿರುವುದೇ ವಂಚಕರಿಗೆ ಅನುಕೂಲ. ಬ್ಯಾಂಕ್ ವರ್ಗಾವಣೆಯ ವಿವರ, ವಾಟ್ಸ್‌ಆ್ಯಪ್ ಸಂದೇಶ, ಧ್ವನಿಮುದ್ರಣ, ಪತ್ರಗಳನ್ನು ಅಳಿಸದೆ ಉಳಿಸಿಕೊಂಡು ಸ್ಥಳೀಯ ಪೊಲೀಸ್ ಠಾಣೆಗೆ ಲಿಖಿತ ದೂರು ನೀಡಬೇಕು. ಬೆಂಗಳೂರಿನ ವಲಸೆ ರಕ್ಷಣಾಧಿಕಾರಿಗಳ ಕಚೇರಿಗೂ ದೂರು ಸಲ್ಲಿಸಬಹುದು. ಆನ್‌ಲೈನ್ ಮೂಲಕ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ ಸಂಖ್ಯೆ 1800 11 3090. ವಿದೇಶದಲ್ಲಿ ಸಿಲುಕಿದವರ ಪರವಾಗಿ ಮನೆಯವರು ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು. ದೂರು ಬರೆಯಲು ತಿಳಿಯದ ಹೆತ್ತವರಿಗೆ ಅದನ್ನು ಬರೆದುಕೊಡುವುದು ಮತ್ತು ಠಾಣೆಯವರೆಗೆ ಜೊತೆಯಲ್ಲಿ ಹೋಗುವುದು ಸದಸ್ಯರಿಂದ ಆಗಬಹುದಾದ ದೊಡ್ಡ ಉಪಕಾರ.

ನರ್ಸಿಂಗ್ ಕಲಿತ ಯುವಜನರು ವಿದೇಶಕ್ಕೆ ಹೋಗುವುದು ಗ್ರಾಮಕ್ಕೆ ಹೆಮ್ಮೆಯ ವಿಷಯ. ಅವರು ತಮ್ಮ ನೋಂದಣಿ, ಅನುಭವ, ಪರವಾನಗಿಗಳನ್ನು ಕೈಯಲ್ಲಿ ಹಿಡಿದು, ಊರಿನಲ್ಲಿ ಬಡ್ಡಿ ಬೆಳೆಯದಂತೆ ಹೋಗಬೇಕೆಂಬುದಷ್ಟೇ ಇಲ್ಲಿನ ಆಶಯ. ಸದಸ್ಯರು ಈ ಲೇಖನದ ಪ್ರತಿಯನ್ನು ಅರಿವು ಕೇಂದ್ರದಲ್ಲಿ ಇರಿಸಿ, ತಮ್ಮ ವಾರ್ಡಿನಲ್ಲಿ ನರ್ಸಿಂಗ್ ಓದುತ್ತಿರುವ ವಿದ್ಯಾರ್ಥಿಗಳಿರುವ ಮನೆಗಳಿಗೆ ಅವರ ಕೊನೆಯ ವರ್ಷದ ಪರೀಕ್ಷೆಗೆ ಮೊದಲೇ ತಲುಪಿಸಲು ಕೋರಲಾಗಿದೆ.